ಹಸಿದ ಮಕ್ಕಳಿಗಾಗಿ ಫುಟ್ಬಾಲ್ ತಂಡ ಕಟ್ಟಿದ ಬ್ರದರ್ ವಾಲ್ಫ್ರಿಡ್

ನಮ್ಮ ಧರ್ಮಕೇಂದ್ರಗಳಲ್ಲಿ ಯುವಜನರು ಸೇರಿ ಆಟದ ತಂಡ ಕಟ್ಟಿಕೊಳ್ಳುವುದು ಹೊಸ ವಿಷಯವೇನಲ್ಲ. ಕರಾವಳಿಯಲ್ಲಿ ಚರ್ಚಿನ ಪಕ್ಕದ ಶಾಲಾ ಮೈದಾನವೇ ಅವರ ಆಟದ ಅಂಗಳ. ಘಟ್ಟದ ಮೇಲಿನ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಬಯಲುಸೀಮೆಯ ಊರುಗಳಲ್ಲಾದರೂ ಅಷ್ಟೇ, ಸಂಜೆ ಶಾಲೆ ಬಿಟ್ಟ ಮೇಲೆ ಖಾಲಿ ಜಾಗ ಸಿಕ್ಕಲ್ಲಿ ಮಕ್ಕಳು ಚೆಂಡು ಹಿಡಿದು ಇಳಿಯುತ್ತಾರೆ. ಇಂತಹ ಸಣ್ಣ ತಂಡಗಳಿಂದ ಸಮಾಜಕ್ಕೆ ಏನು ಪ್ರಯೋಜನ ಎಂದು ಹಿರಿಯರು ಆಗಾಗ ಕೇಳುವುದುಂಟು. ಈ ಪ್ರಶ್ನೆಗೆ ನೂರಮೂವತ್ತು ವರ್ಷಗಳಿಗೂ ಹಿಂದೆ ಒಬ್ಬ ಶಾಲಾ ಶಿಕ್ಷಕರು ತಮ್ಮ ಕೆಲಸದ ಮೂಲಕವೇ ಉತ್ತರ ನೀಡಿದ್ದಾರೆ. ಅವರು ಮೇರಿಸ್ಟ್ ಸಭೆಯ ಬ್ರದರ್ ವಾಲ್ಫ್ರಿಡ್. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ಬಡ ಧರ್ಮಕೇಂದ್ರದ ಸಭಾಂಗಣದಲ್ಲಿ ಹವ್ಯಾಸಿ ತಂಡವಾಗಿ ಹುಟ್ಟಿದ ಸೆಲ್ಟಿಕ್ ಫುಟ್ಬಾಲ್ ಕ್ಲಬ್ಬಿನ ಸ್ಥಾಪಕರೆಂದು ಜಗತ್ತು ಅವರನ್ನು ಗುರುತಿಸುತ್ತದೆ. ಆದರೆ ಅವರಿಗೆ ಬೇಕಾಗಿದ್ದುದು ಫುಟ್ಬಾಲ್ ಆಗಿರಲಿಲ್ಲ, ಹಸಿದ ಮಕ್ಕಳ ತಟ್ಟೆಗೆ ಊಟ ಬೇಕಾಗಿತ್ತು.

ಬರಗಾಲದ ನಾಡಿನಲ್ಲಿ ಜನನ

ಬ್ರದರ್ ವಾಲ್ಫ್ರಿಡ್ ಅವರ ಮೊದಲ ಹೆಸರು ಆಂಡ್ರ್ಯೂ ಕೆರಿನ್ಸ್. 1840ರ ಮೇ 18ರಂದು ಐರ್ಲೆಂಡಿನ ಸ್ಲೈಗೊ ಜಿಲ್ಲೆಯ ಬ್ಯಾಲಿಮೋಟ್ ಎಂಬ ಪುಟ್ಟ ಪಟ್ಟಣದ ಸಮೀಪ ಒಂದು ಸಣ್ಣ ರೈತ ಕುಟುಂಬದಲ್ಲಿ ಅವರು ಜನಿಸಿದರು. ಆ ಕಾಲದ ಐರ್ಲೆಂಡಿನ ಬಡ ರೈತರಿಗೆ ಆಲೂಗೆಡ್ಡೆಯೇ ದಿನದ ಊಟ. ನಮಗೆ ಅನ್ನ, ಬಯಲುಸೀಮೆಯವರಿಗೆ ರಾಗಿ ಹೇಗೋ ಅವರಿಗೆ ಆಲೂಗೆಡ್ಡೆ ಹಾಗೆ. ಆಂಡ್ರ್ಯೂಗೆ ಐದು ವರ್ಷವಾಗಿದ್ದಾಗ, 1845ರಲ್ಲಿ, ಆಲೂಗೆಡ್ಡೆ ಬೆಳೆಗೆ ಕೊಳೆರೋಗ ತಗುಲಿತು. ಅಗೆದರೆ ಮಣ್ಣಿನೊಳಗೆ ಗೆಡ್ಡೆಯ ಬದಲು ಕಪ್ಪು ಕೊಳೆತ ಮುದ್ದೆ ಸಿಗುತ್ತಿತ್ತು. ಮುಂದಿನ ವರ್ಷಗಳಲ್ಲೂ ಇದು ಮರುಕಳಿಸಿತು. ಸುಮಾರು 80 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ ಹಸಿವು ಮತ್ತು ಅದರ ಹಿಂದೆಯೇ ಬಂದ ಜ್ವರಗಳಿಗೆ ಸುಮಾರು 10 ಲಕ್ಷ ಜನ ಬಲಿಯಾದರು. ಇನ್ನೂ ಸುಮಾರು 10 ಲಕ್ಷ ಜನ ಊರು ತೊರೆದು ಹಡಗು ಹತ್ತಿದರು.

ನಮ್ಮ ನಾಡಿಗೂ ಇಂತಹ ಬರ ಅಪರಿಚಿತವಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಹಳೆಯ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ನಾಶವಾಯಿತು. ಮಳೆ ಕಡಿಮೆ ಇರುವ ಚಿತ್ರದುರ್ಗ ಸೀಮೆಯ ಜನ ಬರದ ನೆನಪನ್ನು ತಲೆಮಾರುಗಳವರೆಗೆ ಹೊತ್ತವರು. ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರವು ಆ ಒಣ ಸೀಮೆಗೆ ನೀರು ಎಷ್ಟು ಅಮೂಲ್ಯ ಎಂಬುದನ್ನು ಇಂದಿಗೂ ಸಾರುತ್ತಿದೆ. ಆದುದರಿಂದ ಐರ್ಲೆಂಡಿನ ಹಸಿದ ಬಾಲಕನ ಕಥೆ ನಮ್ಮ ಓದುಗರಿಗೆ ದೂರದ ಕಥೆ ಎನಿಸಲಾರದು. ಬರಗಾಲ ಕಂಡ ಮಗು ದೊಡ್ಡವನಾದ ಮೇಲೂ ಅನ್ನದ ಬೆಲೆಯನ್ನು ಮರೆಯುವುದಿಲ್ಲ. ಆಂಡ್ರ್ಯೂ ಕೂಡ ಮರೆಯಲಿಲ್ಲ.

ಗ್ಲಾಸ್ಗೋ ನಗರಕ್ಕೆ ವಲಸೆ

ಬರ ಮುಗಿದರೂ ಬಡತನ ಮುಗಿಯಲಿಲ್ಲ. 1850ರ ದಶಕದ ನಡುವೆ, ಇನ್ನೂ ಹದಿಹರೆಯದಲ್ಲಿದ್ದಾಗಲೇ, ಆಂಡ್ರ್ಯೂ ಕೆಲಸ ಹುಡುಕಿಕೊಂಡು ಸಮುದ್ರ ದಾಟಿ ಗ್ಲಾಸ್ಗೋ ನಗರಕ್ಕೆ ಬಂದರು. ನಮ್ಮ ಕರಾವಳಿಯ ಯುವಕರು ಮುಂಬಯಿಗೆ, ನಂತರ ಕೊಲ್ಲಿ ರಾಷ್ಟ್ರಗಳಿಗೆ ಹೊರಟಂತೆಯೇ ಅಂದಿನ ಐರಿಷ್ ಯುವಕರು ಗ್ಲಾಸ್ಗೋ, ಲಿವರ್ಪೂಲ್, ನ್ಯೂಯಾರ್ಕ್ ಎಂದು ಹೊರಡುತ್ತಿದ್ದರು. ಹಡಗು ಕಟ್ಟೆಗಳು, ಬಟ್ಟೆ ಗಿರಣಿಗಳು, ಕಬ್ಬಿಣದ ಕಾರ್ಖಾನೆಗಳಿಂದ ತುಂಬಿದ್ದ ಗ್ಲಾಸ್ಗೋ ಶ್ರೀಮಂತ ನಗರವಾಗಿತ್ತು. ಆದರೆ ಅದರ ಪೂರ್ವ ಭಾಗದಲ್ಲಿದ್ದ ಕಾಲ್ಟನ್, ಬ್ರಿಡ್ಜ್‌ಟನ್ ಮುಂತಾದ ಬಡಾವಣೆಗಳಲ್ಲಿ ಒಂದೇ ಕೋಣೆಯಲ್ಲಿ ಇಡೀ ಕುಟುಂಬ ಬದುಕುತ್ತಿತ್ತು. ಕೊಳಚೆ, ಕ್ಷಯರೋಗ, ಕುಡಿತ ಎಲ್ಲವೂ ಅಲ್ಲಿತ್ತು. ಐರ್ಲೆಂಡಿನಿಂದ ಬಂದ ಕೆಥೋಲಿಕರನ್ನು ಸ್ಥಳೀಯ ಜನ ಸಂಶಯದಿಂದಲೇ ನೋಡುತ್ತಿದ್ದರು.

ಆಂಡ್ರ್ಯೂ ಹಗಲು ಕೂಲಿ ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಕಲಿತರು. 1858ರಲ್ಲಿ ಮೇರಿಸ್ಟ್ ಬ್ರದರುಗಳು ಗ್ಲಾಸ್ಗೋಗೆ ಬಂದು ಬಡ ಮಕ್ಕಳ ಶಾಲೆಗಳನ್ನು ವಹಿಸಿಕೊಂಡಿದ್ದರು. ಸಂತ ಮಾರ್ಸೆಲಿನ್ ಶಾಂಪನ್ಯಾ 1817ರಲ್ಲಿ ಫ್ರಾನ್ಸಿನ ಲಾವಲ್ಲಾ ಎಂಬ ಹಳ್ಳಿಯಲ್ಲಿ ಸ್ಥಾಪಿಸಿದ ಸಭೆ ಇದು. ಹಳ್ಳಿಯ ಮಕ್ಕಳಿಗೆ ಶಿಕ್ಷಣ ನೀಡುವುದು, ಮಾತೆ ಮರಿಯಮ್ಮನಂತೆ ಸದ್ದಿಲ್ಲದೆ ಸೇವೆ ಮಾಡುವುದು ಈ ಸಭೆಯ ದಾರಿ. 1864ರಲ್ಲಿ ಆಂಡ್ರ್ಯೂ ಈ ಸಭೆಗೆ ಸೇರಿದರು. ಫ್ರಾನ್ಸಿನಲ್ಲಿ ತರಬೇತಿ ಪಡೆದು, ಎಂಟನೇ ಶತಮಾನದ ಸಂತರೊಬ್ಬರ ಹೆಸರನ್ನು ಸ್ವೀಕರಿಸಿ ಬ್ರದರ್ ವಾಲ್ಫ್ರಿಡ್ ಆದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬ್ರದರ್ ಎಂದರೆ ಧರ್ಮಗುರುವಲ್ಲ. ಬಲಿಪೂಜೆ ಅರ್ಪಿಸುವ, ಪಾಪನಿವೇದನೆ ಕೇಳುವ ಅಧಿಕಾರ ಅವರಿಗಿಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ಕೈಗೊಂಡು ತರಗತಿಯಲ್ಲಿ ದುಡಿಯುವ ಸನ್ಯಾಸಿ ಅವರು. ಬ್ರದರ್ ವಾಲ್ಫ್ರಿಡ್ ಅವರ ವೇದಿಕೆ ಶಾಲೆಯ ಕಪ್ಪು ಹಲಗೆಯ ಮುಂದೆ ಇತ್ತು.

ಖಾಲಿ ಹೊಟ್ಟೆಯ ವಿದ್ಯಾರ್ಥಿಗಳು

ಗ್ಲಾಸ್ಗೋಗೆ ಮರಳಿದ ಬ್ರದರ್ ವಾಲ್ಫ್ರಿಡ್ ಕಾಲ್ಟನ್ನಿನ ಸಂತ ಮರಿಯಮ್ಮನವರ ಶಾಲೆಯಲ್ಲಿ ಪಾಠ ಮಾಡಿದರು. 1874ರಲ್ಲಿ ಬ್ರಿಡ್ಜ್‌ಟನ್ನಿನ ಸೇಕ್ರೆಡ್ ಹಾರ್ಟ್ ಶಾಲೆಯ ಮುಖ್ಯೋಪಾಧ್ಯಾಯರಾದರು. ಸ್ಕಾಟ್ಲೆಂಡಿನಲ್ಲಿ 1872ರ ಕಾನೂನಿನ ಪ್ರಕಾರ ಮಕ್ಕಳು ಶಾಲೆಗೆ ಬರಲೇಬೇಕಾಗಿತ್ತು. ಆದರೆ ಕೆಥೋಲಿಕ್ ಶಾಲೆಗಳು ಸರಕಾರಿ ವ್ಯವಸ್ಥೆಯ ಹೊರಗೇ ಉಳಿದಿದ್ದವು. 1918ರಲ್ಲಿ ಮತ್ತೊಂದು ಕಾನೂನು ಬರುವವರೆಗೂ ಅವುಗಳ ಹೆಚ್ಚಿನ ಭಾರವನ್ನು ಬಡ ಸಮುದಾಯವೇ ಹೊರಬೇಕಾಯಿತು.

ಶಾಲೆ ಇದ್ದರೂ ಹೊಟ್ಟೆಯಲ್ಲಿ ಅನ್ನವಿಲ್ಲದ ಮಗು ಕಲಿಯುವುದೇನು? ತಂದೆಗೆ ಕೆಲಸ ತಪ್ಪಿದ ವಾರ ಮಕ್ಕಳ ಹಾಜರಾತಿ ಇಳಿಯುತ್ತಿತ್ತು. ಬಂದವರೂ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದರು. ಬ್ರದರ್ ವಾಲ್ಫ್ರಿಡ್ ಮತ್ತು ಸಂತ ಮರಿಯಮ್ಮನವರ ಶಾಲೆಯಲ್ಲಿದ್ದ ಅವರ ಸಹೋದ್ಯೋಗಿ ಬ್ರದರ್ ಡೊರೊಥಿಯಸ್ ಸೇರಿ 1880ರ ದಶಕದ ನಡುವೆ ಬಡ ಮಕ್ಕಳ ಊಟದ ಯೋಜನೆ ಆರಂಭಿಸಿದರು. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರು ಕೈಜೋಡಿಸಿದರು. ಒಂದು ಪೆನ್ನಿ ಕೊಟ್ಟರೆ ಬಿಸಿ ಊಟ. ಅದನ್ನೂ ಕೊಡಲಾಗದ ಮಕ್ಕಳಿಗೆ ಉಚಿತ. ಕೊಡಬಲ್ಲವರಿಂದ ಒಂದು ಪೆನ್ನಿ ಪಡೆಯುವುದರ ಹಿಂದೆ ಒಂದು ವಿವೇಕವಿತ್ತು. ತಂದೆತಾಯಿಗಳು ಭಿಕ್ಷೆ ಪಡೆದೆವೆಂದು ಕುಗ್ಗಬಾರದು ಎಂಬುದು ಅದರ ಉದ್ದೇಶ.

ಈ ಯೋಜನೆಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಮರೆಮಾಚಬೇಕಾಗಿಲ್ಲ. ನಗರದಲ್ಲಿ ಬೇರೆ ಕ್ರೈಸ್ತ ಪಂಗಡಗಳೂ ಬಡವರಿಗೆ ಗಂಜಿ ಕೇಂದ್ರಗಳನ್ನು ನಡೆಸುತ್ತಿದ್ದವು. ಗಂಜಿಗೆ ಹೋದ ಮಕ್ಕಳು ತಮ್ಮ ವಿಶ್ವಾಸವನ್ನೂ ಬಿಟ್ಟಾರು ಎಂಬ ಆತಂಕ ಕೆಥೋಲಿಕ್ ಮುಖಂಡರಿಗಿತ್ತು. ಅಂದಿನ ಕಾಲದ ಪಂಗಡಗಳ ನಡುವಿನ ಪೈಪೋಟಿ ಇಂದು ನಮಗೆ ಇರುಸುಮುರುಸು ಉಂಟುಮಾಡಬಹುದು. ಆದರೆ ಬ್ರದರ್ ವಾಲ್ಫ್ರಿಡ್ ಅದಕ್ಕೆ ಕಂಡುಕೊಂಡ ಪರಿಹಾರ ಇನ್ನೊಬ್ಬರನ್ನು ದೂಷಿಸುವುದಾಗಿರಲಿಲ್ಲ. ತಾವೇ ಒಲೆ ಹೊತ್ತಿಸಿ ಊಟ ಬಡಿಸುವುದಾಗಿತ್ತು.

ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೆ ವಿಸ್ತರಿಸಿದ ಅಕ್ಷರ ದಾಸೋಹ ಬಿಸಿಯೂಟವನ್ನು ನೆನೆದರೆ ಈ ಚಿಂತನೆ ಎಷ್ಟು ಮುಂದಿನದಾಗಿತ್ತು ಎಂದು ತಿಳಿಯುತ್ತದೆ. ಮಧ್ಯಾಹ್ನದ ಊಟ ಸಿಗುತ್ತದೆ ಎಂದಾದರೆ ಬಡವರ ಮಗು ಶಾಲೆಗೆ ಬರುತ್ತದೆ, ಬಂದ ಮಗು ಕಲಿಯುತ್ತದೆ. ಇಂದು ಸರಕಾರ ಮಾಡುತ್ತಿರುವ ಕೆಲಸವನ್ನು ಅಂದು ಇಬ್ಬರು ಬ್ರದರುಗಳು ಬರಿಗೈಯಲ್ಲಿ ಆರಂಭಿಸಿದ್ದರು. ಬರಿಗೈ ಎಂಬುದೇ ಸಮಸ್ಯೆಯೂ ಆಗಿತ್ತು. ಬಡವರ ಧರ್ಮಕೇಂದ್ರದಲ್ಲಿ ಕಾಣಿಕೆ ಎಷ್ಟು ಬಿದ್ದೀತು? ದಿನಾಲೂ ನೂರಾರು ಮಕ್ಕಳಿಗೆ ಅಡುಗೆ ಮಾಡಲು ಹಣ ಎಲ್ಲಿಂದ ತರುವುದು?

ಆಟದಿಂದ ಅನ್ನ

ಆ ದಿನಗಳಲ್ಲಿ ಗ್ಲಾಸ್ಗೋ ನಗರಕ್ಕೆ ಫುಟ್ಬಾಲ್ ಹುಚ್ಚು ಹಿಡಿದಿತ್ತು. ಶನಿವಾರ ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿಸಿದ ಕಾರ್ಮಿಕರು ಸಾವಿರ ಸಂಖ್ಯೆಯಲ್ಲಿ ಮೈದಾನಕ್ಕೆ ಹೋಗುತ್ತಿದ್ದರು. ಟಿಕೇಟಿಗೆ ಕೆಲವು ಪೆನ್ನಿ ಕೊಡಲು ಅವರು ಹಿಂಜರಿಯುತ್ತಿರಲಿಲ್ಲ. ಬ್ರದರ್ ವಾಲ್ಫ್ರಿಡ್ ಇದನ್ನು ಗಮನಿಸಿದರು. ಎಡಿನ್‌ಬರೋ ನಗರದಲ್ಲಿ ಐರಿಷ್ ಮೂಲದ ಯುವಕರಿಗಾಗಿ 1875ರಲ್ಲಿ ಹೈಬರ್ನಿಯನ್ ಎಂಬ ತಂಡ ಹುಟ್ಟಿತ್ತು. ಸಂತ ಪ್ಯಾಟ್ರಿಕರ ಧರ್ಮಕೇಂದ್ರದ ಕ್ಯಾನನ್ ಎಡ್ವರ್ಡ್ ಹ್ಯಾನನ್ ಅದರ ಬೆನ್ನೆಲುಬಾಗಿದ್ದರು. ಯುವಕರು ಕುಡಿತದಿಂದ ದೂರವಿರಬೇಕು, ಆಟದಿಂದ ಬಂದ ಹಣ ದಾನಕ್ಕೆ ಹೋಗಬೇಕು ಎಂಬುದು ಆ ತಂಡದ ನಿಯಮ. ಈ ತಂಡವನ್ನು ಗ್ಲಾಸ್ಗೋದ ಪೂರ್ವ ಭಾಗಕ್ಕೆ ಕರೆಸಿ ಬ್ರದರ್ ವಾಲ್ಫ್ರಿಡ್ ಸಹಾಯಾರ್ಥ ಪಂದ್ಯಗಳನ್ನು ಏರ್ಪಡಿಸಿದರು. ಬಂದ ಹಣ ಊಟದ ಯೋಜನೆಗೆ ಹೋಯಿತು.

1887ರ ಫೆಬ್ರವರಿಯಲ್ಲಿ ಹೈಬರ್ನಿಯನ್ ತಂಡವು ಡಂಬಾರ್ಟನ್ ತಂಡವನ್ನು 2-1ರಿಂದ ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು. ಗೆದ್ದ ತಂಡಕ್ಕೆ ಕಾಲ್ಟನ್ನಿನ ಸಂತ ಮರಿಯಮ್ಮನವರ ಸಭಾಂಗಣದಲ್ಲಿ ಸನ್ಮಾನ ನಡೆಯಿತು. ಗ್ಲಾಸ್ಗೋದ ಐರಿಷ್ ಜನರೂ ಇಂತಹ ಒಂದು ತಂಡ ಕಟ್ಟಬಾರದೇಕೆ ಎಂಬ ವಿಚಾರ ಅಲ್ಲಿ ಗಟ್ಟಿಯಾಯಿತು. ಅದೇ ವರ್ಷ ನವೆಂಬರ್ 6ರಂದು, ಭಾನುವಾರ, ಈಸ್ಟ್ ರೋಸ್ ಬೀದಿಯ ಅದೇ ಸಭಾಂಗಣದಲ್ಲಿ ಸಭೆ ಸೇರಿ ಹೊಸ ತಂಡವನ್ನು ಸ್ಥಾಪಿಸಲಾಯಿತು. ಜಾನ್ ಗ್ಲಾಸ್, ವೈದ್ಯರಾದ ಜಾನ್ ಕಾನ್ವೆ ಮುಂತಾದ ಶ್ರೀಸಾಮಾನ್ಯ ವಿಶ್ವಾಸಿಗಳು ಜೊತೆಗಿದ್ದರು. ಹೈಬರ್ನಿಯನ್ ಎಂಬ ಹೆಸರನ್ನೇ ಇಡಲು ಹಲವರು ಬಯಸಿದ್ದರೂ ಬ್ರದರ್ ವಾಲ್ಫ್ರಿಡ್ ಸೆಲ್ಟಿಕ್ ಎಂಬ ಹೆಸರನ್ನು ಆರಿಸಿದರು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ಎರಡೂ ನಾಡುಗಳ ಜನರಿಗೆ ಸಮಾನವಾದ ಹಳೆಯ ಪರಂಪರೆಯ ಹೆಸರು ಅದು. ಹುಟ್ಟಿದ ನಾಡು ಮತ್ತು ಬದುಕು ಕೊಟ್ಟ ನಾಡು ಎರಡನ್ನೂ ಸೇರಿಸುವ ಹೆಸರು.

ನಂತರದ ಕೆಲಸ ನಡೆದ ರೀತಿ ಯಾವುದೇ ಧರ್ಮಕೇಂದ್ರಕ್ಕೆ ಪರಿಚಿತವಾದುದೇ. ಸ್ಮಶಾನವೊಂದರ ಪಕ್ಕದಲ್ಲಿದ್ದ ಖಾಲಿ ಜಾಗವನ್ನು ವರ್ಷಕ್ಕೆ 50 ಪೌಂಡ್ ಬಾಡಿಗೆಗೆ ಪಡೆಯಲಾಯಿತು. ಧರ್ಮಕೇಂದ್ರದ ಗಂಡಸರು ಕೆಲಸ ಮುಗಿಸಿ ಬಂದು ಗುದ್ದಲಿ ಹಿಡಿದು ಮೈದಾನ ಸಮತಟ್ಟು ಮಾಡಿದರು. ಮಣ್ಣು ಹಾಕಿ ನೋಡುಗರು ನಿಲ್ಲುವ ದಿಬ್ಬಗಳನ್ನು ಕಟ್ಟಿದರು. ಕೂಲಿ ಯಾರೂ ಕೇಳಲಿಲ್ಲ. ನಮ್ಮಲ್ಲಿ ಚರ್ಚ್ ಕಟ್ಟುವಾಗ ಜನ ಶ್ರಮದಾನ ಮಾಡಿದಂತೆಯೇ ಇದು. ಆರು ತಿಂಗಳೊಳಗೆ ಮೈದಾನ ಸಿದ್ಧವಾಯಿತು. ಮಹಾಧರ್ಮಾಧ್ಯಕ್ಷರಾದ ಚಾರ್ಲ್ಸ್ ಐರ್ ಕ್ಲಬ್ಬಿನ ಪೋಷಕರಾಗಲು ಒಪ್ಪಿದರು.

ಆಟಗಾರರನ್ನು ಹುಡುಕಲು ಬ್ರದರ್ ವಾಲ್ಫ್ರಿಡ್ ತಾವೇ ಮನೆಮನೆಗೆ ಹೋದರು. ಒಮ್ಮೆ ಜೊತೆಗಾರರೊಂದಿಗೆ ಕ್ಯಾತ್‌ಕಾರ್ಟ್ ಎಂಬಲ್ಲಿನ ಮೇಲಿ ಕುಟುಂಬದ ಮನೆಗೆ ಟಾಮ್ ಮೇಲಿ ಎಂಬ ಆಟಗಾರರನ್ನು ಕೇಳಲು ಹೋಗಿದ್ದರು. ಅಲ್ಲಿ ಅವರ ತಮ್ಮ ವಿಲ್ಲಿ ಮೇಲಿ ಎದುರಾದರು. ನೀನೂ ಬಾ ಎಂದು ಆ ಹುಡುಗನಿಗೂ ಕರೆ ನೀಡಿ ಬಂದರು. ಈ ಒಂದು ಆಹ್ವಾನದ ಫಲವನ್ನು ಮುಂದೆ ನೋಡೋಣ.

1888ರ ಮೇ 28ರಂದು ಹೊಸ ತಂಡ ತನ್ನ ಮೊದಲ ಪಂದ್ಯ ಆಡಿತು. ಎದುರಾಳಿ ರೇಂಜರ್ಸ್. ಸುಮಾರು 2,000 ಜನ ನೋಡಲು ಬಂದರು. ಸೆಲ್ಟಿಕ್ 5-2ರಿಂದ ಗೆದ್ದಿತು. ಮುಂದೆ ಈ ಎರಡು ತಂಡಗಳ ಬೆಂಬಲಿಗರ ನಡುವಿನ ವೈಷಮ್ಯ ಗ್ಲಾಸ್ಗೋ ನಗರಕ್ಕೇ ದೊಡ್ಡ ತಲೆನೋವಾಯಿತು. ಆದರೆ ಮೊದಲ ದಿನ ಎರಡೂ ತಂಡದವರು ಒಟ್ಟಿಗೆ ಕುಳಿತು ಊಟ ಮಾಡಿದ್ದರು ಎಂಬುದನ್ನು ನೆನಪಿಡುವುದು ಒಳ್ಳೆಯದು.

ಗೆಲುವಿನ ಬೆಲೆ

ಮೊದಲ ಋತುವಿನಲ್ಲೇ ತಂಡ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯ ತಲುಪಿ ಥರ್ಡ್ ಲ್ಯಾನಾರ್ಕ್ ತಂಡಕ್ಕೆ ಸೋತಿತು. 1892ರಲ್ಲಿ ಕ್ವೀನ್ಸ್ ಪಾರ್ಕ್ ತಂಡವನ್ನು 5-1ರಿಂದ ಸೋಲಿಸಿ ಆ ಕಪ್ಪನ್ನೂ ಗೆದ್ದಿತು. ಮೈದಾನಕ್ಕೆ ಜನ ತುಂಬಿದರು. ನೂರಾರು ಪೌಂಡ್ ಹಣ ಊಟದ ಯೋಜನೆಗೆ, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಗೆ, ವೃದ್ಧರನ್ನು ನೋಡಿಕೊಳ್ಳುವ ಕನ್ಯಾಮಠದ ಭಗಿನಿಯರಿಗೆ ಹೋಯಿತು. ಬ್ರದರ್ ವಾಲ್ಫ್ರಿಡ್ ಬಯಸಿದ್ದು ಕೈಗೂಡಿತ್ತು.

ಆದರೆ ಈ ಗೆಲುವಿಗೆ ಬೆಲೆಯೂ ಇತ್ತು. ಹೊಸ ತಂಡ ಗಟ್ಟಿಯಾಗಬೇಕೆಂದು ಸಮಿತಿಯವರು 1888ರ ಬೇಸಗೆಯಲ್ಲಿ ಹೈಬರ್ನಿಯನ್ ತಂಡದ ಹಲವು ಉತ್ತಮ ಆಟಗಾರರನ್ನು ತಮ್ಮ ಕಡೆಗೆ ಸೆಳೆದುಕೊಂಡರು. ತಮಗೆ ದಾರಿ ತೋರಿಸಿದ ತಂಡವನ್ನೇ ಅವರು ಬರಿದು ಮಾಡಿದರು. ಹೈಬರ್ನಿಯನ್ ತಂಡ 1891ರಲ್ಲಿ ಬಾಗಿಲು ಮುಚ್ಚುವ ಸ್ಥಿತಿಗೆ ಬಂತು, ಮತ್ತೆ ಎದ್ದು ನಿಲ್ಲಲು ಒಂದೆರಡು ವರ್ಷ ಬೇಕಾಯಿತು. ಹೆಸರಿಗೆ ಎಲ್ಲರೂ ಹವ್ಯಾಸಿ ಆಟಗಾರರಾಗಿದ್ದರೂ ಒಳ್ಳೆಯ ಆಟಗಾರರಿಗೆ ಗುಟ್ಟಾಗಿ ಹಣ, ಸವಲತ್ತು ನೀಡುವುದು ಆ ಕಾಲದ ಸ್ಕಾಟ್ಲೆಂಡಿನಲ್ಲಿ ನಡೆದೇ ಇತ್ತು. 1893ರಲ್ಲಿ ವೃತ್ತಿಪರ ಆಟವನ್ನು ಅಲ್ಲಿ ಅಧಿಕೃತವಾಗಿ ಒಪ್ಪಿಕೊಳ್ಳಲಾಯಿತು. ಒಳ್ಳೆಯ ಉದ್ದೇಶಕ್ಕಾಗಿ ಹಣ ಬೇಕು, ಹಣಕ್ಕಾಗಿ ಗೆಲುವು ಬೇಕು, ಗೆಲುವಿಗಾಗಿ ಒಳ್ಳೆಯ ಆಟಗಾರರು ಬೇಕು. ಹೀಗೆ ಒಂದೊಂದೇ ಹೆಜ್ಜೆ ಇಡುತ್ತಾ ಹೋದಾಗ ಮೊದಲ ಉದ್ದೇಶ ಎಲ್ಲಿ ಹಿಂದುಳಿಯಿತು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ದಾನದ ಹೆಸರಿನಲ್ಲಿ ಕೆಲಸ ಆರಂಭಿಸುವ ಯಾವ ಸಂಘಕ್ಕೂ ಈ ಅಪಾಯ ತಪ್ಪಿದ್ದಲ್ಲ.

ತಂಡದ ಯಶಸ್ಸು ಕಂಡ ಜಾಗದ ಮಾಲೀಕರು ಬಾಡಿಗೆಯನ್ನು 50 ಪೌಂಡಿನಿಂದ 450 ಪೌಂಡಿಗೆ ಏರಿಸಿದರು. ಸಮಿತಿ ಬಗ್ಗಲಿಲ್ಲ. ಹತ್ತಿರದಲ್ಲೇ ಇಟ್ಟಿಗೆ ಮಣ್ಣು ತೆಗೆದು ನೀರು ತುಂಬಿದ್ದ ದೊಡ್ಡ ಗುಂಡಿಯೊಂದನ್ನು ಪಡೆದು, ಸಾವಿರಾರು ಗಾಡಿ ಮಣ್ಣು ಸುರಿದು ತುಂಬಿಸಿ 1892ರಲ್ಲಿ ಹೊಸ ಮೈದಾನ ಕಟ್ಟಲಾಯಿತು. ಐರ್ಲೆಂಡಿನ ರೈತ ಹೋರಾಟದ ನಾಯಕ ಮೈಕೆಲ್ ಡೇವಿಟ್ ತಾಯ್ನಾಡಿನಿಂದ ತಂದ ಹುಲ್ಲಿನ ಹಾಸನ್ನು ಅಲ್ಲಿ ನೆಟ್ಟರು. ಇಂದಿಗೂ ಸೆಲ್ಟಿಕ್ ಆಡುವುದು ಅದೇ ಸ್ಥಳದಲ್ಲಿ.

ವಿಧೇಯತೆಯ ವರ್ಗಾವಣೆ

ಹೊಸ ಮೈದಾನ ತೆರೆದ 1892ರಲ್ಲೇ ಬ್ರದರ್ ವಾಲ್ಫ್ರಿಡ್ ಅವರಿಗೆ ಮೇಲಧಿಕಾರಿಗಳಿಂದ ವರ್ಗಾವಣೆಯ ಆಜ್ಞೆ ಬಂತು. ಲಂಡನ್ನಿಗೆ ಹೋಗಬೇಕು. ಆಗ ಅವರಿಗೆ 52 ವರ್ಷ. ಕಟ್ಟಿದ ತಂಡ ಮೊದಲ ಬಾರಿಗೆ ಸ್ಕಾಟಿಷ್ ಕಪ್ ಗೆದ್ದ ವರ್ಷವದು. ಊಟದ ಯೋಜನೆ ನಡೆಯುತ್ತಿದ್ದುದು ಅವರ ಓಡಾಟದಿಂದ. ಜನ ಬೇಸರಪಟ್ಟರು. ಆದರೆ ವ್ರತ ತೊಟ್ಟ ಬ್ರದರ್ ಸಾಮಾನು ಕಟ್ಟಿಕೊಂಡು ಹೊರಟರು. ಧರ್ಮಗುರುಗಳ, ಧರ್ಮಭಗಿನಿಯರ ವರ್ಗಾವಣೆಯ ದಿನ ಧರ್ಮಕೇಂದ್ರದಲ್ಲಿ ಉಂಟಾಗುವ ಮೌನವನ್ನು ಕಂಡ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅವರು ಹೋದ ಮೇಲೆ ನಡೆದುದು ಇನ್ನೂ ಯೋಚಿಸಬೇಕಾದ ವಿಷಯ. ಕ್ಲಬ್ಬನ್ನು ವ್ಯಾಪಾರದ ರೀತಿಯಲ್ಲಿ ನಡೆಸಬೇಕೆನ್ನುವವರ ಕೈ ಮೇಲಾಯಿತು. ಬಡ ಮಕ್ಕಳ ಊಟಕ್ಕೆ ಹೋಗುತ್ತಿದ್ದ ಹಣ ಕಡಿಮೆಯಾಗುತ್ತಾ ಬಂತು. ಕೆಲವರು ಸಭೆಗಳಲ್ಲಿ ಇದನ್ನು ಬಲವಾಗಿ ವಿರೋಧಿಸಿದರೂ ಫಲ ಸಿಗಲಿಲ್ಲ. 1897ರಲ್ಲಿ ಸೆಲ್ಟಿಕ್ ಷೇರುದಾರರ ಕಂಪನಿಯಾಯಿತು. ಲಾಭಾಂಶ ಹಂಚುವ ಕಾಲ ಬಂತು. ಸ್ಥಾಪಕರಾದ ಬ್ರದರ್ ಬಳಿ ಒಂದು ಷೇರೂ ಇರಲಿಲ್ಲ, ಬಡತನದ ವ್ರತ ತೊಟ್ಟವರಿಗೆ ಇರಲೂ ಸಾಧ್ಯವಿರಲಿಲ್ಲ.

ಬ್ರದರ್ ವಾಲ್ಫ್ರಿಡ್ ಇದರಿಂದ ಎಷ್ಟು ನೊಂದರು ಎಂದು ಅಳೆಯಲು ನಮಗೆ ಸಾಧ್ಯವಿಲ್ಲ. ಆದರೆ ಅವರು ಏನು ಮಾಡಿದರು ಎಂಬುದು ಸ್ಪಷ್ಟ. ಲಂಡನ್ನಿನ ಪೂರ್ವ ಭಾಗದ ಬೆತ್ನಲ್ ಗ್ರೀನ್, ಬೋ ಬಡಾವಣೆಗಳಲ್ಲಿ ಬರಿಗಾಲಲ್ಲಿ ಅಲೆಯುವ ಮಕ್ಕಳನ್ನು ಕಂಡು ಅಲ್ಲಿಯೂ ಅದೇ ಕೆಲಸ ಆರಂಭಿಸಿದರು. ಆ ಮಕ್ಕಳಿಗಾಗಿ ಫುಟ್ಬಾಲ್ ಪಂದ್ಯಗಳನ್ನು ಏರ್ಪಡಿಸಿದರು. ಗ್ಲಾಸ್ಗೋದಲ್ಲಿ ತಮ್ಮ ಕೈತಪ್ಪಿದ್ದಕ್ಕೆ ಕೊರಗುತ್ತಾ ಕೂರದೆ ಕಣ್ಣೆದುರಿಗಿದ್ದ ಮಗುವಿನತ್ತ ತಿರುಗಿದರು. 1911ರಲ್ಲಿ ಯೂರೋಪ್ ಪ್ರವಾಸ ಮುಗಿಸಿ ಮರಳುತ್ತಿದ್ದ ಸೆಲ್ಟಿಕ್ ತಂಡದವರನ್ನು ಲಂಡನ್ನಿನಲ್ಲಿ ಭೇಟಿಯಾಗಿ ಹಳೆಯ ದಿನಗಳನ್ನು ಸಂತೋಷದಿಂದಲೇ ನೆನೆದರು.

ಆರೋಗ್ಯ ಕುಂದಿದ ಮೇಲೆ ಅವರು ಸ್ಕಾಟ್ಲೆಂಡಿನ ಡಂಫ್ರೀಸ್ ಎಂಬಲ್ಲಿದ್ದ ಮೇರಿಸ್ಟ್ ಮನೆಗೆ ಮರಳಿದರು. ಮೊದಲ ಮಹಾಯುದ್ಧ ನಡೆಯುತ್ತಿದ್ದ ದಿನಗಳಲ್ಲಿ, 1915ರ ಏಪ್ರಿಲ್ 17ರಂದು, ತಮ್ಮ 74ನೇ ವಯಸ್ಸಿನಲ್ಲಿ ನಿಧನರಾದರು. ಇತರ ಬ್ರದರುಗಳ ಜೊತೆಯಲ್ಲೇ ಅವರನ್ನು ಸಮಾಧಿ ಮಾಡಲಾಯಿತು.

ಬರಿಗಾಲಿನ ಭಾರತೀಯ ಅತಿಥಿ

ಬ್ರದರ್ ವಾಲ್ಫ್ರಿಡ್ ಕರೆದು ತಂದ ಹುಡುಗ ವಿಲ್ಲಿ ಮೇಲಿಯನ್ನು ಈಗ ನೆನಪಿಸಿಕೊಳ್ಳೋಣ. ಅವರು 1897ರಲ್ಲಿ ಸೆಲ್ಟಿಕ್ ತಂಡದ ವ್ಯವಸ್ಥಾಪಕರಾಗಿ 1940ರವರೆಗೆ, ಅಂದರೆ 40 ವರ್ಷಗಳಿಗೂ ಹೆಚ್ಚು ಕಾಲ, ಆ ಹುದ್ದೆಯಲ್ಲಿದ್ದರು. ಕೆಥೋಲಿಕರಲ್ಲದ ಆಟಗಾರರಿಗೂ ತಂಡದ ಬಾಗಿಲು ತೆರೆದೇ ಇರಬೇಕು ಎಂಬ ನಿಲುವನ್ನು ಅವರ ಕಾಲದಲ್ಲಿ ಕ್ಲಬ್ ಕಾಪಾಡಿಕೊಂಡಿತು. 1936ರಲ್ಲಿ ಅವರ ಮುಂದೆ ಒಬ್ಬ ಭಾರತೀಯ ಆಟಗಾರ ಬಂದು ನಿಂತರು. ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಮೊಹಮ್ಮದ್ ಸಲೀಂ. ಬೂಟು ಹಾಕಿ ಅಭ್ಯಾಸವಿಲ್ಲ, ಪಾದಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡೇ ಆಡುವವರು. ಸ್ಕಾಟ್ಲೆಂಡಿನ ವೃತ್ತಿಪರ ಆಟಗಾರರ ಕಬ್ಬಿಣದಂಥ ಬೂಟುಗಳ ಎದುರು ಬರಿಗಾಲಿನವನನ್ನು ಇಳಿಸುವುದೇ? ಆದರೂ ಮೇಲಿ ಅವಕಾಶ ಕೊಟ್ಟರು. ಸಲೀಂ ಸೆಲ್ಟಿಕ್‌ನ ಎರಡನೇ ತಂಡದ ಪರ ಎರಡು ಪಂದ್ಯ ಆಡಿ ಸ್ಕಾಟಿಷ್ ಪ್ರೇಕ್ಷಕರನ್ನು ಬೆರಗುಗೊಳಿಸಿದರು. ಮನೆಯ ನೆನಪು ಕಾಡಿ ಊರಿಗೆ ಮರಳಿದರು. ಯೂರೋಪಿನ ಕ್ಲಬ್ ಒಂದರ ಪರ ಆಡಿದ ಮೊದಲ ಭಾರತೀಯ ಎಂದು ಅವರನ್ನು ಗುರುತಿಸಲಾಗುತ್ತದೆ.

ಬರಿಗಾಲಿನ ಆಟ ನಮ್ಮ ನಾಡಿನದೂ ಹೌದು. 1937ರಲ್ಲಿ ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ಪನ್ನು ಬ್ರಿಟಿಷ್ ಸೈನಿಕ ತಂಡಗಳಿಂದ ಕಸಿದು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರಿನ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1946-47ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದಿತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತರೂ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದವರು ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ ಕರ್ನಾಟಕ, 54 ವರ್ಷಗಳ ನಂತರ ಮತ್ತೆ ಸಂತೋಷ್ ಟ್ರೋಫಿ ಎತ್ತಿತು. ಈ ಎಲ್ಲ ಆಟಗಾರರೂ ಯಾವುದೋ ಓಣಿಯ, ಯಾವುದೋ ಶಾಲೆಯ ಮೈದಾನದ ಹೆಸರಿಲ್ಲದ ತಂಡದಿಂದಲೇ ಬಂದವರು.

ಮರಳಿ ಮೂಲಕ್ಕೆ

ಸೆಲ್ಟಿಕ್ ತಂಡ 1967ರ ಮೇ 25ರಂದು ಲಿಸ್ಬನ್ ನಗರದಲ್ಲಿ ಇಟಲಿಯ ಇಂಟರ್ ಮಿಲಾನ್ ತಂಡವನ್ನು 2-1ರಿಂದ ಸೋಲಿಸಿ ಯೂರೋಪಿಯನ್ ಕಪ್ ಗೆದ್ದ ಮೊದಲ ಬ್ರಿಟಿಷ್ ತಂಡವಾಯಿತು. ಅಂದು ಆಡಿದವರೆಲ್ಲರೂ ಗ್ಲಾಸ್ಗೋ ಸುತ್ತಲಿನ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ಬಡವರ ಬಡಾವಣೆಯ ತಂಡ ಯೂರೋಪಿನ ಶಿಖರಕ್ಕೆ ಏರಿತ್ತು. ಆದರೆ ಬ್ರದರ್ ವಾಲ್ಫ್ರಿಡ್ ಅವರ ದೃಷ್ಟಿಯಲ್ಲಿ ನೋಡಿದರೆ ಇನ್ನೊಂದು ವರ್ಷ ಇದಕ್ಕಿಂತ ಮುಖ್ಯವಾದೀತು. ಅದು 1995. ಮೊದಲ ಉದ್ದೇಶವನ್ನು ಮತ್ತೆ ಜೀವಂತಗೊಳಿಸಬೇಕೆಂದು ಕ್ಲಬ್ ಆ ವರ್ಷ ಪ್ರತ್ಯೇಕ ದಾನನಿಧಿಯೊಂದನ್ನು ಸ್ಥಾಪಿಸಿತು. 2005ರ ನವೆಂಬರ್‌ನಲ್ಲಿ ಮೈದಾನದ ಮುಂದೆ ಬ್ರದರ್ ವಾಲ್ಫ್ರಿಡ್ ಅವರ ಪ್ರತಿಮೆ ಅನಾವರಣಗೊಂಡಿತು. ಬದುಕಿದ್ದಾಗ ಪ್ರಸಿದ್ಧಿ ಬಯಸದ ಶಿಕ್ಷಕರೊಬ್ಬರು ಸತ್ತ 90 ವರ್ಷಗಳ ಮೇಲೆ ಕಂಚಿನಲ್ಲಿ ಕುಳಿತು ಮೈದಾನಕ್ಕೆ ಬರುವವರಿಗೆ ಈ ಕ್ಲಬ್ ಏಕೆ ಹುಟ್ಟಿತು ಎಂದು ನೆನಪಿಸುತ್ತಿದ್ದಾರೆ.

ಈ ಜೀವನದಿಂದ ನಮ್ಮ ಧರ್ಮಕೇಂದ್ರಗಳು ಕಲಿಯಬಹುದಾದ ಪಾಠಗಳು ಹಲವು. ಮೊದಲನೆಯದಾಗಿ, ಯುವಜನರ ಆಸಕ್ತಿ ಎಲ್ಲಿದೆ ಎಂದು ಕಂಡುಕೊಂಡು ಅದನ್ನೇ ಸೇವೆಯ ದಾರಿಯಾಗಿಸಬಹುದು. ಆಟ ಬೇಡ, ಪ್ರಾರ್ಥನೆಗೆ ಬನ್ನಿ ಎಂದು ಗದರಿಸುವ ಬದಲು ಆಟವನ್ನೇ ಪರಸೇವೆಗೆ ತಿರುಗಿಸಿದವರು ಬ್ರದರ್ ವಾಲ್ಫ್ರಿಡ್. ಎರಡನೆಯದಾಗಿ, ಹಣ ಸಂಗ್ರಹಕ್ಕೆಂದು ಆರಂಭಿಸಿದ ಪಂದ್ಯಾಟ, ಹೌಸಿ, ಮೇಳ ಮುಂತಾದವುಗಳ ಲೆಕ್ಕವನ್ನು ಪ್ರತಿ ವರ್ಷ ನೋಡುವಾಗ ಎಷ್ಟು ಬಂತು ಎಂಬುದರ ಜೊತೆಗೆ ಯಾರಿಗೆ ತಲುಪಿತು ಎಂಬುದನ್ನೂ ನೋಡಬೇಕು. ಸೆಲ್ಟಿಕ್‌ನಲ್ಲಿ ತಪ್ಪಿದ್ದು ಇದೇ. ಒಬ್ಬ ವ್ಯಕ್ತಿಯ ಓಡಾಟದ ಮೇಲೆ ನಿಂತ ಒಳ್ಳೆಯ ಕೆಲಸ ಆತ ವರ್ಗವಾದೊಡನೆ ಕುಸಿಯಿತು. ನಿಯಮಾವಳಿಯಲ್ಲಿ ಬಡವರ ಪಾಲನ್ನು ಬರೆದಿಟ್ಟು ಕಾಯುವ ಸಮಿತಿ ಇದ್ದಿದ್ದರೆ ಹಾಗಾಗುತ್ತಿರಲಿಲ್ಲ. ಮೂರನೆಯದಾಗಿ, ನಾವು ಬೆಳೆಯುವ ಭರದಲ್ಲಿ ನೆರೆಯ ಧರ್ಮಕೇಂದ್ರದ ಚಿಕ್ಕ ತಂಡವನ್ನು ಬರಿದು ಮಾಡಬಾರದು.

ಕೊನೆಯದಾಗಿ, ಬೀಜ ಬಿತ್ತಿದವರೇ ಫಸಲು ಕೊಯ್ಯುತ್ತಾರೆ ಎಂಬ ನಿಯಮವಿಲ್ಲ. ಬ್ರದರ್ ವಾಲ್ಫ್ರಿಡ್ ಕಟ್ಟಿದ್ದನ್ನು ಬಿಟ್ಟು ಹೊರಟಾಗ ಹಿಂದಿರುಗಿ ಹಕ್ಕು ಕೇಳಲಿಲ್ಲ. ಹೊಸ ಊರಿನ ಬರಿಗಾಲಿನ ಮಕ್ಕಳು ಅವರಿಗೆ ಸಾಕಾಗಿತ್ತು. ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ವಾಳೆಗಳಲ್ಲಿ, ಯುವ ಸಂಘಟನೆಗಳಲ್ಲಿ ಸದ್ದಿಲ್ಲದೆ ದುಡಿಯುತ್ತಿರುವ ಶಿಕ್ಷಕರು, ಬ್ರದರುಗಳು, ಧರ್ಮಭಗಿನಿಯರು, ಗುರಿಕಾರರು ನಮ್ಮ ನಡುವೆಯೂ ಇದ್ದಾರೆ. ಅವರು ಇಂದು ಬಡಿಸಿದ ಒಂದು ತಟ್ಟೆ ಊಟ, ಕರೆದು ಆಡಿಸಿದ ಒಬ್ಬ ಹುಡುಗ, ನಾಳೆ ಏನಾಗುವರೆಂದು ಯಾರು ಬಲ್ಲರು? ಅಂತಹವರನ್ನು ವರ್ಗಾವಣೆಯ ದಿನ ಮಾತ್ರವಲ್ಲ, ಜೊತೆಯಲ್ಲಿರುವಾಗಲೇ ನೆನೆದು ಅವರ ಕೆಲಸಕ್ಕೆ ಹೆಗಲು ಕೊಡುವುದು ನಮ್ಮೆಲ್ಲರ ಕರ್ತವ್ಯ.